ಸಂಧಿವಾತದ ಕಾರಣ ಮತ್ತು ಚಿಕಿತ್ಸೆ: ಭೋರ್ ಸೀಮೆಯ ನಿಮಿತ್ತವಾಗಿ ಒಂದು ವಿಚಾರ

ಪುಣೆಯಿಂದ ದಕ್ಷಿಣಕ್ಕೆ ಸುಮಾರು ೫೦ ಕಿಲೋಮೀಟರು ದೂರದಲ್ಲಿ ನೀರಾ ನದಿಯ ದಡದ ಮೇಲೆ ಭೋರ್ ಪಟ್ಟಣವಿದೆ. ಪಂತಸಚಿವರ ಮನೆತನದವರು ಆಳುತ್ತಿದ್ದ ಈ ಸಂಸ್ಥಾನವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿಹೋಯಿತು. ಪಟ್ಟಣವನ್ನು ಬಿಟ್ಟು ವರಂಧ ಘಾಟಿನ ದಿಕ್ಕಿಗೆ ನಡೆದಂತೆಲ್ಲ ಸಹ್ಯಾದ್ರಿಯ ಏರು, ಮಳೆ, ಬತ್ತದ ಗದ್ದೆ ಇವು ಒಂದರೊಡನೊಂದು ಹೆಚ್ಚುತ್ತ ಹೋಗುತ್ತವೆ. ನಮ್ಮ ಮಲೆನಾಡನ್ನು ಕಂಡವರಿಗೆ ಆ ನೋಟ ಅಪರಿಚಿತವೆನಿಸದು. ಕೆಸರಿನಲ್ಲಿ ಬಾಗಿ ನಾಟಿಮಾಡುವ ಇಂಥ ನಾಡಿನಲ್ಲಿ ಸೊಂಟನೋವು, ಮಂಡಿನೋವು, ಬೆರಳುಗಳ ಬಾವು ಯಾರ ಮನೆಗೂ ಹೊಸತಲ್ಲ. ಇವೆಲ್ಲಕ್ಕೂ ಮರಾಠಿಯ ಆಡುಮಾತಿನಲ್ಲಿ ಸಲ್ಲುವ ಹೆಸರು ‘ಸಂಧಿವಾತ’. ಕನ್ನಡದಲ್ಲಿ ‘ವಾತ’, ‘ವಾಯು’, ‘ಕೀಲುಬೇನೆ’. ಕಾರಣವೇನೆಂದು ವಿಚಾರಿಸಿದರೆ ಉಭಯರ ಉತ್ತರವೂ ಹೆಚ್ಚು ಕಡಿಮೆ ಒಂದೇ: ತಂಡಿ, ಮಳೆ, ವಯಸ್ಸು.

ಈ ಒಂದು ಹೆಸರಿನ ಕೆಳಗೆ ಎಷ್ಟು ಬೇರೆ ಬೇರೆ ರೋಗಗಳು ಅಡಗಿವೆ, ಅವುಗಳನ್ನು ಬೇರ್ಪಡಿಸಿದ್ದರಿಂದ ಕಾರಣಶೋಧನೆಯೂ ಚಿಕಿತ್ಸೆಯೂ ಹೇಗೆ ಮುಂದುವರಿದುವು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಇದು ಬರಿಯ ಶಬ್ದಚರ್ಚೆಯಲ್ಲ. ನೂರು ಮಂದಿ ‘ವಾತ’ದವರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ತೈಲ, ಶಾಖ, ವಿಶ್ರಾಂತಿ, ತಕ್ಕ ವ್ಯಾಯಾಮ ಇವುಗಳಿಂದ ಕಾಲ ಸಾಗಬಹುದು. ಉಳಿದ ಕೆಲವರಲ್ಲಿ ಅದೇ ನೋವು ಬೇರೆಯೇ ಜಾತಿಯದು. ಮೊದಲ ಒಂದೆರಡು ವರ್ಷಗಳಲ್ಲಿಯೇ ಬೆರಳಿನ ಎಲುಬನ್ನು ಕೊರೆದು, ಮತ್ತೆ ಸರಿಪಡಿಸಲಾಗದಂತೆ ಕೈಯನ್ನು ಸೊಟ್ಟಗಾಗಿಸತಕ್ಕದ್ದು. ಆ ಕೆಲವರನ್ನು ಉಳಿದವರಿಂದ ಬೇಗನೆ ಬೇರೆಮಾಡಿ ಗುರುತಿಸುವುದರ ಮೇಲೆ ಅವರ ಕೈಯ ದುಡಿಮೆ ನಿಂತಿದೆ.

ಮೊದಲು ಲಕ್ಷಣಗಳನ್ನು ನೋಡೋಣ. ವಯಸ್ಸಾದವರ ಮಂಡಿಯಲ್ಲಿ ಎಲುಬಿನ ತುದಿಯನ್ನು ಮುಚ್ಚಿರುವ ಮೃದ್ವಸ್ಥಿಯು ಸವೆದು ನೋವು ಬರುತ್ತದೆ. ಈ ನೋವು ನಡೆದಷ್ಟೂ ಹೆಚ್ಚು, ಕುಳಿತರೆ ಕಡಿಮೆ. ಬೆಳಗಿನ ಬಿಗಿತ ಹತ್ತಿಪ್ಪತ್ತು ನಿಮಿಷಗಳಲ್ಲಿ ಸಡಲುತ್ತದೆ. ಇದಕ್ಕೆ ಕೀಲುಸವೆತವೆಂದು ಹೇಳಬಹುದು. ಕಾಲಿನ ಹೆಬ್ಬೆರಳಿನ ಬುಡ ಒಂದು ರಾತ್ರಿಯಲ್ಲಿ ಕೆಂಪಗೆ ಊದಿ, ಹೊದಿಕೆ ಸೋಕಿದರೂ ಸಹಿಸದಂತಾದರೆ ಅದು ಸಾಮಾನ್ಯವಾಗಿ ಗೌಟ್. ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಮ್ಲವು ಹರಳಾಗಿ ಕೀಲಿನಲ್ಲಿ ತಂಗುವುದು ಅದರ ಕಾರಣ. ರುಮಟಾಯ್ಡ್ ಸಂಧಿವಾತವೆಂಬುದು ಇವೆರಡೂ ಅಲ್ಲ. ಅದು ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಾಲು ಹೆಚ್ಚು; ಮುಪ್ಪಿನ ರೋಗವೂ ಅಲ್ಲ, ಮೂವತ್ತು ನಲವತ್ತರ ಪ್ರಾಯದಲ್ಲಿಯೇ ತೊಡಗುವುದುಂಟು. ಎರಡೂ ಕೈಗಳ ಬೆರಳಬುಡದ ಗಿಣ್ಣುಗಳು ಮತ್ತು ಮಣಿಕಟ್ಟುಗಳು ಸಮವಾಗಿ ಊದುತ್ತವೆ. ಬೆಳಗ್ಗೆ ಎದ್ದಾಗಿನ ಬಿಗಿತ ಒಂದು ಗಂಟೆಗೂ ಮೀರಿ ನಿಲ್ಲುತ್ತದೆ. ಆಡಿಸಿದಷ್ಟೂ ಕೈ ಸಡಲುತ್ತದೆಯೇ ಹೊರತು ಬಿಗಿಯುವುದಿಲ್ಲ. ಸೇದುವ ಹಗ್ಗವನ್ನು ಹಿಡಿಯಲಾರದೆ, ರೊಟ್ಟಿಯ ಹಿಟ್ಟನ್ನು ನಾದಲಾರದೆ ಹೋದಾಗ ರೋಗಿಗೆ ಮೊದಲು ಸಂಶಯ ಬರುತ್ತದೆ. ಇದರೊಡನೆ ಲೂಪಸ್, ಬೆನ್ನೆಲುಬನ್ನು ಬೆಸೆದುಬಿಡುವ ಸ್ಪಾಂಡಿಲೈಟಿಸ್ ಮುಂತಾದ ಸೋದರರೋಗಗಳೂ ಇವೆ. ವಿಸ್ತಾರಭಯದಿಂದ ಅವನ್ನು ಇಲ್ಲಿ ಬಿಡಲಾಗಿದೆ.

ಹೀಗೆ ಬೇರ್ಪಡಿಸುವ ಕೆಲಸ ನಿನ್ನೆ ಮೊನ್ನೆಯದಲ್ಲ. ಕ್ರಿ.ಶ. ಏಳು ಎಂಟನೆಯ ಶತಮಾನದವನೆಂದು ಹೇಳಲಾಗುವ ಮಾಧವಕರನು ತನ್ನ ನಿದಾನಗ್ರಂಥದಲ್ಲಿ ‘ಆಮವಾತ’ಕ್ಕೆ ಪ್ರತ್ಯೇಕವಾದ ಅಧ್ಯಾಯವನ್ನು ಕೊಟ್ಟು ಅದನ್ನು ಇತರ ವಾತವ್ಯಾಧಿಗಳಿಂದ ಬೇರೆಮಾಡಿದನು. ಜೀರ್ಣವಾಗದೆ ಉಳಿದ ರಸವು ವಾತದೊಡನೆ ಕೂಡಿ ಕೀಲುಗಳನ್ನು ಸೇರುತ್ತದೆಂಬುದು ಅವನ ನಿರೂಪಣೆ. ಕಾರಣದ ಆ ವಿವರಣೆಯನ್ನು ಇಂದಿನ ಶಾಸ್ತ್ರ ಒಪ್ಪದಿರಬಹುದು. ಆದರೆ ಹಲವು ಕೀಲುಗಳ ಬಾವು, ಜ್ವರ, ಅರುಚಿ, ಮೈಭಾರ ಇವುಗಳನ್ನು ಒಂದೇ ರೋಗದ ಅಂಗಗಳೆಂದು ಕಂಡದ್ದು ಮುಖ್ಯ. ರೋಗವು ಕೀಲಿನದಷ್ಟೇ ಅಲ್ಲ, ಇಡೀ ದೇಹದ್ದೆಂಬ ಅರಿವು ಅದರಲ್ಲಿದೆ. ಪಶ್ಚಿಮದಲ್ಲಿ ೧೮೦೦ರಲ್ಲಿ ಲಾಂಡ್ರೆ-ಬೋವೆ ಎಂಬ ತರುಣ ವೈದ್ಯನು ಪ್ಯಾರಿಸಿನ ತನ್ನ ಪ್ರಬಂಧದಲ್ಲಿ, ಕೆಲವು ಬಡ ಹೆಂಗಸರ ಕೀಲುರೋಗವು ಶ್ರೀಮಂತರ ಗೌಟ್ ಅಲ್ಲವೆಂದು ವಾದಿಸಿದನು. ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ೧೮೪೮ರಲ್ಲಿ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವನ್ನು ತೋರಿಸಿಕೊಟ್ಟನು. ೧೮೫೯ರಲ್ಲಿ, ಆ ಆಮ್ಲದ ಸಂಬಂಧವಿಲ್ಲದ ಇನ್ನೊಂದು ರೋಗಕ್ಕೆ ‘ರುಮಟಾಯ್ಡ್’ ಎಂಬ ಹೆಸರನ್ನಿಟ್ಟನು. ಒಂದು ರೋಗದ ಕಾರಣ ತಿಳಿದೊಡನೆ ಮತ್ತೊಂದು ರೋಗವು ಅದರಿಂದ ಕಳಚಿಕೊಂಡು ತಾನೇ ತಾನಾಗಿ ಎದ್ದುನಿಂತ ಬಗೆ ಇದು.

ನಮ್ಮ ದೇಶದಲ್ಲಿ ಈ ರೋಗ ಎಷ್ಟಿದೆಯೆಂಬುದು ಬಹುಕಾಲ ಊಹೆಯ ಮಾತಾಗಿತ್ತು. ಆಸ್ಪತ್ರೆಗೆ ಬಂದವರನ್ನು ಎಣಿಸಿದರೆ ಬಾರದವರ ಲೆಕ್ಕ ತಪ್ಪುತ್ತದೆ. ಆದಕಾರಣ ಮನೆಮನೆಗೆ ಹೋಗಿಯೇ ಎಣಿಸಬೇಕು. ದೆಹಲಿಯ ಸಮೀಪದ ಹಳ್ಳಿಗಳಲ್ಲಿ ಡಾ. ಎ. ಎನ್. ಮಾಳವೀಯ ಮತ್ತು ಅವರ ಸಹೋದ್ಯೋಗಿಗಳು ಹೀಗೆ ಸುಮಾರು ೪೦,೦೦೦ ವಯಸ್ಕರನ್ನು ವಿಚಾರಿಸಿ, ೨೯೯ ಮಂದಿಯಲ್ಲಿ ರುಮಟಾಯ್ಡ್ ಸಂಧಿವಾತವನ್ನು ಗುರುತಿಸಿದರು. ೧೯೯೩ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಪ್ರಮಾಣ ನೂರಕ್ಕೆ ೦.೭೫. ಅನಂತರದ ದೊಡ್ಡ ಪ್ರಯತ್ನ ನಡೆದದ್ದು ಪುಣೆ ಜಿಲ್ಲೆಯಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯೂ ಸಂಧಿರೋಗತಜ್ಞರ ಅಂತರರಾಷ್ಟ್ರೀಯ ಒಕ್ಕೂಟವೂ ಕೂಡಿ ೧೯೮೧ರಲ್ಲಿ ಆರಂಭಿಸಿದ ‘ಕಾಪ್‌ಕಾರ್ಡ್’ ಎಂಬ ಯೋಜನೆಯ ಪ್ರಕಾರ, ಪುಣೆಯ ಸಂಧಿರೋಗ ಕೇಂದ್ರದ ಡಾ. ಅರವಿಂದ ಚೋಪ್ರಾ ಮತ್ತು ಸಂಗಡಿಗರು ೧೯೯೬ರಲ್ಲಿ ಭಿಗವಣ ಗ್ರಾಮವನ್ನು ಆರಿಸಿಕೊಂಡರು.

ಭಿಗವಣವು ಭೋರ್ ತಾಲ್ಲೂಕಿನದಲ್ಲ. ಜಿಲ್ಲೆಯ ಇನ್ನೊಂದು ಕೊನೆಯಲ್ಲಿ, ಸೊಲ್ಲಾಪುರದ ಹೆದ್ದಾರಿಯ ಮೇಲೆ, ಉಜನಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿ ಇದೆ. ಅಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ, ನೋವಿದೆಯೇ ಎಂದು ಪ್ರಶ್ನಾವಳಿಯ ಮೂಲಕ ಕೇಳಿದರು. ‘ಇದೆ’ ಎಂದವರಿಗೆ ಮನುಷ್ಯಾಕೃತಿಯ ಚಿತ್ರವನ್ನು ತೋರಿಸಿ ನೋವಿನ ಸ್ಥಳಗಳನ್ನು ಗುರುತುಹಾಕಿಸಿದರು. ಅಂಥವರೆಲ್ಲರನ್ನೂ ತಜ್ಞವೈದ್ಯರು ಪರೀಕ್ಷಿಸಿದರು. ೪,೦೯೨ ವಯಸ್ಕರಲ್ಲಿ ೭೪೬ ಮಂದಿ, ಎಂದರೆ ನೂರಕ್ಕೆ ೧೮.೨ರಷ್ಟು ಜನ, ಕೀಲು-ಎಲುಬು-ಸ್ನಾಯುಗಳ ಬೇನೆಯುಳ್ಳವರೆಂದು ಕಂಡುಬಂದಿತು. ಆದರೆ ರುಮಟಾಯ್ಡ್ ಸಂಧಿವಾತದ ಪ್ರಮಾಣ ನೂರಕ್ಕೆ ಸುಮಾರು ಅರ್ಧ ಮಾತ್ರ. ವಾಚಕರು ಈ ಎರಡು ಅಂಕೆಗಳನ್ನು ಒಟ್ಟಿಗಿಟ್ಟು ನೋಡಬೇಕು. ಏಳುನೂರಕ್ಕೂ ಮೇಲ್ಪಟ್ಟ ‘ವಾತ’ದವರ ನಡುವೆ ಇಪ್ಪತ್ತರ ಆಸುಪಾಸಿನ ಜನ, ಮಿಕ್ಕವರಂತೆಯೇ ನರಳುತ್ತ, ಮಿಕ್ಕವರ ಎಣ್ಣೆಯನ್ನೇ ಹಚ್ಚಿಕೊಳ್ಳುತ್ತ, ಬೇರೆಯೇ ಒಂದು ರೋಗವನ್ನು ಹೊತ್ತಿದ್ದರು.

ಈ ಎಣಿಕೆಯಿಂದ ಇನ್ನೊಂದು ವಿಷಯವೂ ಹೊಳೆಯುತ್ತದೆ. ಭಿಗವಣ ಮಳೆಯ ನೆರಳಿನಲ್ಲಿರುವ ಒಣಸೀಮೆ. ತಂಡಿಯೂ ಮಳೆಯೂ ರೋಗವನ್ನು ಹುಟ್ಟಿಸುವುವಾದರೆ ಅಂಥ ಕಡೆ ಅದು ವಿರಳವಾಗಿರಬೇಕಾಗಿತ್ತು. ಹಾಗಾಗಲಿಲ್ಲ, ಅಲ್ಲಿನ ಪ್ರಮಾಣ ಜಗತ್ತಿನ ಅನೇಕ ದೇಶಗಳ ಪ್ರಮಾಣಕ್ಕೆ ಸಮೀಪವಾಗಿಯೇ ಇದೆ. ಮೋಡ ಕವಿದ ದಿನ ನೋವು ಹೆಚ್ಚಾದಂತೆ ರೋಗಿಗೆ ಅನಿಸುವುದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನೋವನ್ನು ಹೆಚ್ಚಿಸುವುದು ಬೇರೆ, ರೋಗವನ್ನು ತರುವುದು ಬೇರೆ. ಈ ಭೇದವನ್ನು ಮರೆತಲ್ಲಿ ಭೋರಿನ ಗದ್ದೆಯ ಹೆಂಗಸಿಗೆ ‘ಕೆಸರು ಬಿಡು, ಸರಿಹೋಗುತ್ತದೆ’ ಎಂಬ ಹಿತವಚನವಲ್ಲದೆ ಬೇರೇನೂ ಸಿಕ್ಕದು.

ಕಾರಣವನ್ನು ಹುಡುಕುವಾಗ ಮೊದಲ ಊಹೆಯು ಎಷ್ಟು ದೂರ ಎಳೆದುಕೊಂಡುಹೋಗಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ೧೯೭೦ರ ದಶಕದ ನಡುಭಾಗದಲ್ಲಿ, ಕೂಲಿಯಿಂದ ಜೀವಿಸುವ ಕೆಲವು ದಲಿತ ಕುಟುಂಬಗಳಲ್ಲಿ ಸೊಂಟವೂ ಮಂಡಿಯೂ ಬಿಗಿದು, ಕಿರಿಯರೂ ಕುಂಟುವ, ತೆವಳುವ ಸ್ಥಿತಿಗೆ ಬಂದದ್ದು ವೈದ್ಯರ ಗಮನಕ್ಕೆ ಬಂದಿತು. ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ವೆಂದು ಅದನ್ನು ಆಗ ಕರೆದರು. ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿಯನ್ನು ತಿಂದದ್ದೇ ಕಾರಣವೆಂಬ ಶಂಕೆ ಬಲವಾಗಿ ಹಬ್ಬಿತು. ಶಂಕೆ ಅಕಾರಣವಾದುದಲ್ಲ, ಅದೇ ವರ್ಷಗಳಲ್ಲಿ ಗದ್ದೆಗಳಿಗೆ ವಿಷದ ಔಷಧ ಹೊಸದಾಗಿ ಬಂದಿತ್ತು, ಬಡವರ ಆಹಾರದಲ್ಲಿ ಏಡಿಯೂ ಇತ್ತು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರೂ ಅನಂತರ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯವರೂ ವಂಶಾವಳಿಗಳನ್ನು ಬರೆದು, ಎಲುಬಿನ ಕ್ಷಕಿರಣ ಚಿತ್ರಗಳನ್ನು ಹೋಲಿಸಿ ನೋಡಿದಾಗ, ರೋಗವು ತಂದೆತಾಯಿಗಳಲ್ಲಿ ಒಬ್ಬರಿಂದಲೇ ಮಕ್ಕಳಿಗೆ ಇಳಿಯಬಲ್ಲ ಆನುವಂಶಿಕ ದೋಷವೆಂದು ಗೊತ್ತಾಯಿತು. ಎಲುಬಿನ ತುದಿಗಳೇ ಸರಿಯಾಗಿ ಬೆಳೆಯದೆ ಕೀಲು ಕೆಡುತ್ತದೆ. ಇಲ್ಲಿ ಸಂಧಿಯ ಉರಿಯೂತವು ಮೂಲವಲ್ಲ. ಆದಕಾರಣ ಉರಿಯೂತವನ್ನು ಅಡಗಿಸುವ ಮದ್ದಿನಿಂದ ರೋಗ ಹಿಮ್ಮೆಟ್ಟುವುದಿಲ್ಲ. ಕಾರಣ ತಿಳಿದ ಮಾತ್ರಕ್ಕೆ ಆ ಕುಟುಂಬಗಳ ಕಷ್ಟ ತೀರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು.

ಇದಕ್ಕೆ ವಿರುದ್ಧವಾದ ಇನ್ನೊಂದು ನಿದರ್ಶನ ಚಿಕುನ್‌ಗುನ್ಯಾ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ೧೯೭೩ರಲ್ಲಿ ಕಾಣಿಸಿಕೊಂಡು ಆಮೇಲೆ ಮರೆಯಾದಂತಿದ್ದ ಈ ಜ್ವರವು ಮೂರು ದಶಕಗಳ ಅನಂತರ ಮರಳಿ ಬಂದು, ೨೦೦೬ರಲ್ಲಿ ಕರ್ನಾಟಕವೊಂದರಲ್ಲಿಯೇ ಏಳು ಲಕ್ಷಕ್ಕೂ ಮೇಲ್ಪಟ್ಟು ಶಂಕಿತ ರೋಗಿಗಳು ದಾಖಲಾದರು. ಅದನ್ನು ತಂದ ವೈರಾಣು ಆಫ್ರಿಕದ ತಳಿಯದೆಂದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಗುರುತಿಸಿದರು. ಜ್ವರ ಕೆಲವೇ ದಿನ. ಕೀಲುನೋವು ಅನೇಕರಲ್ಲಿ ತಿಂಗಳುಗಟ್ಟಲೆ ನಿಂತಿತು. ಬೆರಳು, ಮಣಿಕಟ್ಟು, ಬೆಳಗಿನ ಬಿಗಿತ ಎಲ್ಲವೂ ರುಮಟಾಯ್ಡ್ ಸಂಧಿವಾತವನ್ನೇ ಹೋಲುತ್ತಿದ್ದುವು. ಆದರೂ ಬಹುಮಂದಿಯಲ್ಲಿ ಅದು ಕಾಲಕ್ರಮದಲ್ಲಿ ತಾನಾಗಿ ಇಳಿಯಿತು. ಹಳೆಯ ಕೀಲುರೋಗಕ್ಕೆ ಸಲ್ಲುವ ಕ್ಲೋರೋಕ್ವಿನ್ ಇದಕ್ಕೂ ಸಲ್ಲುವುದೆಂಬ ನಂಬಿಕೆಯನ್ನು ಪುಣೆಯ ತಂಡದವರು ಸಾಮಾನ್ಯ ನೋವುನಿವಾರಕವೊಂದರೊಡನೆ ಹೋಲಿಸಿ ಪರೀಕ್ಷಿಸಿದಾಗ, ಅದರಿಂದ ಹೆಚ್ಚಿನ ಲಾಭ ಕಂಡುಬರಲಿಲ್ಲ. ಹೊರಗಿನ ರೂಪ ಒಂದಾದ ಮಾತ್ರಕ್ಕೆ ಮದ್ದು ಒಂದಾಗುವುದಿಲ್ಲ.

ಹಾಗಾದರೆ ರುಮಟಾಯ್ಡ್ ಸಂಧಿವಾತದ ನಿಜವಾದ ಮೂಲವೇನು? ದೇಹದ ರೋಗರಕ್ಷಕ ವ್ಯವಸ್ಥೆಯು ಪರಕೀಯವಾದುದನ್ನು ಗುರುತಿಸಿ ಹೊಡೆಯತಕ್ಕದ್ದು, ತನ್ನದನ್ನು ಬಿಡತಕ್ಕದ್ದು. ಜರ್ಮನಿಯ ಪಾಲ್ ಎರ್‌ಲಿಖ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ದೇಹವು ತನ್ನನ್ನು ತಾನೇ ವಿಷದಂತೆ ಕಾಣುವುದಕ್ಕೆ ಹೇಸುತ್ತದೆಂಬ ತತ್ತ್ವವನ್ನು ಮುಂದಿಟ್ಟನು. ಆ ಹೇಸಿಕೆ ಕೆಲವರಲ್ಲಿ ಮುರಿದುಬೀಳುತ್ತದೆಂಬುದು ಕ್ರಮೇಣ ತಿಳಿದುಬಂದಿತು. ನಾರ್ವೆಯ ಎರಿಕ್ ವಾಲರ್ ೧೯೪೦ರಲ್ಲಿ, ಈ ರೋಗಿಗಳ ರಕ್ತಸಾರವು ಪ್ರಯೋಗಶಾಲೆಯ ಕುರಿಯ ರಕ್ತಕಣಗಳನ್ನು ವಿಚಿತ್ರವಾಗಿ ಗಂಟುಕಟ್ಟಿಸುವುದನ್ನು ಕಂಡನು. ರೋಗಿಯ ದೇಹವು ತನ್ನದೇ ಪ್ರತಿಕಾಯಗಳ ವಿರುದ್ಧ ಮತ್ತೊಂದು ಪ್ರತಿಕಾಯವನ್ನು ತಯಾರಿಸಿರುವುದೇ ಅದರ ಗುಟ್ಟು. ‘ರುಮಟಾಯ್ಡ್ ಫ್ಯಾಕ್ಟರ್’ ಎಂದು ಇಂದಿಗೂ ಪರೀಕ್ಷಿಸುವುದು ಅದನ್ನೇ. ಆದರೆ ಕ್ಷಯ ಮೊದಲಾದ ದೀರ್ಘರೋಗಗಳಲ್ಲಿಯೂ, ಆರೋಗ್ಯವಂತರಾದ ಕೆಲವು ವೃದ್ಧರಲ್ಲಿಯೂ ಅದು ಇರಬಹುದಾದ್ದರಿಂದ, ಆ ಒಂದು ಚೀಟಿಯನ್ನು ನೋಡಿ ರೋಗನಿರ್ಣಯ ಮಾಡುವುದು ಸಲ್ಲದು.

೧೯೯೦ರ ದಶಕದ ಕೊನೆಯಲ್ಲಿ ಇದಕ್ಕಿಂತ ಖಚಿತವಾದ ಗುರುತು ದೊರೆಯಿತು. ದೇಹದ ಪ್ರೋಟೀನುಗಳಲ್ಲಿರುವ ಆರ್ಜಿನೀನ್ ಎಂಬ ಘಟಕವು ಉರಿಯೂತವಿರುವೆಡೆಯಲ್ಲಿ ಸಿಟ್ರುಲೀನ್ ಎಂಬ ಇನ್ನೊಂದಾಗಿ ಮಾರ್ಪಡುವುದುಂಟು. ಮನೆಯವನೇ ವೇಷ ಬದಲಿಸಿ ಬಂದಂತೆ. ಕಾವಲುಗಾರನಿಗೆ ಗುರುತು ಸಿಕ್ಕದೆ ಹೊಡೆದುಬಿಡುತ್ತಾನೆ. ಇಂಥ ವೇಷಧಾರಿ ಪ್ರೋಟೀನುಗಳ ವಿರುದ್ಧವಾದ ಪ್ರತಿಕಾಯಗಳು ರುಮಟಾಯ್ಡ್ ರೋಗಿಗಳಲ್ಲಿ ಹೆಚ್ಚಾಗಿಯೂ ಇತರರಲ್ಲಿ ಬಹು ವಿರಳವಾಗಿಯೂ ಇವೆ. ಹಾಲೆಂಡಿನಲ್ಲಿ ಒಂದು ಸ್ವಾರಸ್ಯದ ಶೋಧ ನಡೆಯಿತು. ಹಿಂದೆ ರಕ್ತದಾನ ಮಾಡಿ, ಅನಂತರ ಈ ರೋಗಕ್ಕೆ ತುತ್ತಾದ ೭೯ ಮಂದಿಯ ಹಳೆಯ ರಕ್ತಸಾರವನ್ನು ಶೀತಾಗಾರದಿಂದ ತೆಗೆದು ನೋಡಿದರು. ೨೦೦೪ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ರಕ್ತದಲ್ಲಿ ಮೊದಲ ಬೆರಳು ಊದುವುದಕ್ಕೆ ವರ್ಷಗಳ ಮುಂಚೆಯೇ ಈ ಪ್ರತಿಕಾಯಗಳಿದ್ದುವು. ರೋಗಿಯು ‘ಮೊನ್ನೆ ಮಳೆಯಲ್ಲಿ ನೆಂದಮೇಲೆ ಬಂತು’ ಎನ್ನುವ ರೋಗವು, ಆ ಮಳೆಗಿಂತ ಎಷ್ಟೋ ಮಳೆಗಾಲಗಳ ಹಿಂದೆ ಮೊಳೆತದ್ದಾಗಿರಬಹುದು.

ಆ ಮೊಳಕೆ ಏಕೆ ಕೆಲವರಲ್ಲಿ ಮಾತ್ರ? ವಂಶಗುಣವು ಒಂದು ಪಾಲು. ರಕ್ಷಕಕೋಶಗಳಿಗೆ ‘ಇದು ಪರಕೀಯ’ ಎಂದು ತೋರಿಸಿಕೊಡುವ ಅಣುಗಳಲ್ಲಿ ಕೆಲವು ಬಗೆಯವನ್ನು ಪಡೆದು ಹುಟ್ಟಿದವರಿಗೆ ಅಪಾಯ ಹೆಚ್ಚು. ಇದನ್ನು ೧೯೭೮ರಲ್ಲಿ ಅಮೆರಿಕದ ಪೀಟರ್ ಸ್ಟಾಸ್ಟ್ನಿ ತೋರಿಸಿದರು. ಆದರೆ ಏಕರೂಪದ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಇನ್ನೊಬ್ಬರಿಗೂ ಬರುವುದು ನೂರಕ್ಕೆ ಹದಿನೈದರಷ್ಟು ಮಾತ್ರ. ಬೀಜವೊಂದೇ ಸಾಲದು, ನೆಲವೂ ಬೇಕು. ತಂಬಾಕಿನ ಹೊಗೆಯು ಶ್ವಾಸಕೋಶದಲ್ಲಿ ಆ ಸಿಟ್ರುಲೀನ್ ಮಾರ್ಪಾಟನ್ನು ಹೆಚ್ಚಿಸುತ್ತದೆಂಬುದನ್ನು ಸ್ವೀಡನ್ನಿನ ವಿಜ್ಞಾನಿಗಳು ೨೦೦೬ರಲ್ಲಿ ಮಂಡಿಸಿದರು. ಒಸಡಿನ ಕೀವುರೋಗವನ್ನು ತರುವ ಒಂದು ಬಗೆಯ ಬ್ಯಾಕ್ಟೀರಿಯವೂ ಅದೇ ಮಾರ್ಪಾಟನ್ನು ಮಾಡಬಲ್ಲದು. ಇಲ್ಲಿ ನಮ್ಮ ಸಂಶೋಧಕರಿಗೆ ಒಂದು ಸ್ವಂತ ಪ್ರಶ್ನೆಯಿದೆ. ನಮ್ಮ ಹಳ್ಳಿಯ ಹೆಂಗಸರಲ್ಲಿ ಬೀಡಿ ಸೇದುವವರು ಕಡಿಮೆ. ರೋಗಿಗಳಲ್ಲಿ ಹೆಂಗಸರೇ ಹೆಚ್ಚು. ಒಲೆಯ ಹೊಗೆ, ಎಲೆಯಡಿಕೆಯ ತಂಬಾಕು, ಮಹಾರಾಷ್ಟ್ರದಲ್ಲಿ ರೂಢಿಯಲ್ಲಿರುವ, ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ‘ಮಿಶ್ರಿ’ಯ ಅಭ್ಯಾಸ, ಇವು ಹೊಗೆಸೊಪ್ಪಿನ ಸ್ಥಾನವನ್ನು ತುಂಬುತ್ತವೆಯೇ? ಸ್ವೀಡನ್ನಿನ ಉತ್ತರವನ್ನು ಪುಣೆಯ ಹಳ್ಳಿಗೆ ಹಾಗೆಯೇ ತಂದು ಹಚ್ಚಲಾಗದು.

ಹೊರಗಿನ ಕಾರಣ ಸ್ಪಷ್ಟವಾಗಿ ಗೊತ್ತಾದರೆ ಎಷ್ಟು ಪ್ರಯೋಜನವಿದೆಯೆಂಬುದಕ್ಕೆ ಮಕ್ಕಳ ರುಮ್ಯಾಟಿಕ್ ಜ್ವರವೇ ಸಾಕ್ಷಿ. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದ ಗಂಟಲು ಕೆಟ್ಟ ಎರಡು ಮೂರು ವಾರಗಳ ಮೇಲೆ ಕೀಲುಗಳು ಊದುತ್ತವೆ. ಆ ರೋಗಾಣುವಿಗಾಗಿ ಹುಟ್ಟಿದ ಪ್ರತಿಕಾಯಗಳು, ಹೋಲಿಕೆಯ ಭ್ರಮೆಯಿಂದ ಹೃದಯದ ಕವಾಟಗಳನ್ನೂ ಹೊಡೆಯುತ್ತವೆ. ಕೀಲು ವಾಸಿಯಾಗುತ್ತದೆ, ಹೃದಯ ಉಳಿದ ಆಯುಷ್ಯವೆಲ್ಲ ನರಳುತ್ತದೆ. ಮೂರು ನಾಲ್ಕು ವಾರಗಳಿಗೊಮ್ಮೆ ಕೊಡುವ ಪೆನಿಸಿಲಿನ್ ಸೂಜಿಮದ್ದಿನಿಂದ ರೋಗ ಮರುಕಳಿಸುವುದನ್ನು ತಡೆಯಬಹುದು. ರುಮಟಾಯ್ಡ್ ಸಂಧಿವಾತಕ್ಕೆ ಇಂಥ ಒಂದೇ ರೋಗಾಣು ಈವರೆಗೆ ಸಿಕ್ಕಿಲ್ಲ. ಆದ್ದರಿಂದ ಅದರ ಚಿಕಿತ್ಸೆಯು ಮೂಲವನ್ನು ಬಿಟ್ಟು, ಉರಿಯುತ್ತಿರುವ ಬೆಂಕಿಯನ್ನು ಅಡಗಿಸುವ ದಾರಿಯನ್ನು ಹಿಡಿಯಬೇಕಾಯಿತು.

ಆ ದಾರಿಯಲ್ಲಿ ೧೯೪೮ನೆಯ ಇಸವಿ ಸ್ಮರಣೀಯವಾದುದು. ಅಮೆರಿಕದ ಮೇಯೋ ಚಿಕಿತ್ಸಾಲಯದ ಫಿಲಿಪ್ ಹೆಂಚ್, ಕಾಮಾಲೆ ಬಂದಾಗಲೂ ಗರ್ಭಿಣಿಯಾದಾಗಲೂ ಈ ರೋಗಿಗಳ ಕೀಲುಗಳು ತಾತ್ಕಾಲಿಕವಾಗಿ ಸಡಲುವುದನ್ನು ಬಹು ವರ್ಷಗಳಿಂದ ಗಮನಿಸಿದ್ದನು. ದೇಹವೇ ಒಂದು ಮದ್ದನ್ನು ತಯಾರಿಸುತ್ತಿರಬೇಕೆಂದು ತರ್ಕಿಸಿದನು. ಅಡ್ರಿನಲ್ ಗ್ರಂಥಿಯಿಂದ ಎಡ್ವರ್ಡ್ ಕೆಂಡಲ್ ಬೇರ್ಪಡಿಸಿದ್ದ ವಸ್ತುವೊಂದನ್ನು ಆ ವರ್ಷದ ಸೆಪ್ಟೆಂಬರ್ ೨೧ರಂದು ೨೯ ವರ್ಷದ ಒಬ್ಬ ರೋಗಿಗೆ ಕೊಟ್ಟರು. ಹಾಸಿಗೆಯಿಂದ ಏಳಲಾರದಿದ್ದ ಆಕೆ ಕೆಲವೇ ದಿನಗಳಲ್ಲಿ ನಡೆದಾಡಿದಳು. ಅದೇ ಕಾರ್ಟಿಸೋನ್. ೧೯೫೦ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ ಇವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಹರ್ಷ ಬಹುಕಾಲ ಬಾಳಲಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ಕೊಟ್ಟಲ್ಲಿ ಮುಖ ಊದುವುದು, ಎಲುಬು ಬೆಂಡಾಗುವುದು, ಸಕ್ಕರೆಕಾಯಿಲೆ, ಸೋಂಕು ಇವು ಬಂದುವು. ಇಂದಿಗೂ ಸ್ಟೀರಾಯ್ಡನ್ನು ಬಳಸುವುದುಂಟು, ಆದರೆ ನಿಧಾನವಾಗಿ ಕೆಲಸಮಾಡುವ ಬೇರೆ ಮದ್ದು ಹಿಡಿಯುವ ತನಕ ಸೇತುವೆಯಾಗಿ, ಅಲ್ಪ ಪ್ರಮಾಣದಲ್ಲಿ.

ಆ ಬೇರೆ ಮದ್ದಿನ ಕಥೆಯಲ್ಲಿ ನಮ್ಮ ನೆರೆನಾಡಿನವರೊಬ್ಬರಿದ್ದಾರೆ. ಆಂಧ್ರದ ಭೀಮವರದಲ್ಲಿ ೧೮೯೫ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಫೋಲಿಕ್ ಆಮ್ಲದ ಮೇಲೆ ಕೆಲಸಮಾಡಿದರು. ಅವರ ತಂಡ ತಯಾರಿಸಿದ ಫೋಲಿಕ್ ಆಮ್ಲದ ವಿರೋಧಿಗಳು ಮಕ್ಕಳ ರಕ್ತಕ್ಯಾನ್ಸರಿಗೆ ಬಳಕೆಯಾದುವು. ಸುಬ್ಬರಾಯರು ೧೯೪೮ರ ಆಗಸ್ಟಿನಲ್ಲಿ ತೀರಿಕೊಂಡರು. ಆ ಬಗೆಯ ಒಂದು ಮದ್ದನ್ನು ೧೯೫೧ರಲ್ಲಿ ಗಬ್ನರ್ ಎಂಬ ವೈದ್ಯನು ಕೀಲುರೋಗಕ್ಕೆ ಕೊಟ್ಟು ಗುಣ ಕಂಡನಾದರೂ, ಕಾರ್ಟಿಸೋನಿನ ಅಬ್ಬರದಲ್ಲಿ ಅದನ್ನು ಕೇಳುವವರಿರಲಿಲ್ಲ. ೧೯೮೦ರ ದಶಕದ ಪ್ರಯೋಗಗಳ ಮೇಲೆಯೇ ಮೆಥೊಟ್ರೆಕ್ಸೇಟ್ ಈ ರೋಗದ ಮುಖ್ಯ ಮದ್ದೆಂದು ಸ್ಥಿರಪಟ್ಟಿತು. ಅಮೆರಿಕ ಸರ್ಕಾರದ ಮನ್ನಣೆ ೧೯೮೮ರಲ್ಲಿ ಬಂದಿತು. ಬೆಲೆ ಕಡಿಮೆ, ಗುಣ ಹೆಚ್ಚು. 

ಆದರೆ ಈ ಮಾತ್ರೆಯನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು. ಇತರ ಮಾತ್ರೆಗಳಂತೆ ನಿತ್ಯವೂ ನುಂಗಿದವರು ಪ್ರಾಣವನ್ನು ಕಳೆದುಕೊಂಡದ್ದುಂಟು. ಓದು ಬಾರದ ರೋಗಿಗೆ ‘ವಾರಕ್ಕೊಮ್ಮೆ’ ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಕರ್ತವ್ಯ ಮುಗಿಯಲಿಲ್ಲ. ಸಂತೆಯ ದಿನವನ್ನೋ ದೇವರ ವಾರವನ್ನೋ ಹೆಸರಿಸಿ ಹೇಳಬೇಕು. ಜೊತೆಗೆ ಫೋಲಿಕ್ ಆಮ್ಲ, ಆಗಾಗ ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಅವಶ್ಯ. ಗರ್ಭಿಣಿಯರಿಗೆ ಇದು ನಿಷಿದ್ಧ.

ಮೆಥೊಟ್ರೆಕ್ಸೇಟಿಗೂ ಬಗ್ಗದ ರೋಗಕ್ಕೆ ಲಂಡನ್ನಿನ ಫೆಲ್ಡ್‌ಮನ್ ಮತ್ತು ಮೈನಿ ಎಂಬ ವಿಜ್ಞಾನಿಗಳು ೧೯೯೨ರಲ್ಲಿ ಹೊಸ ಹಾದಿಯನ್ನು ತೆರೆದರು. ಉರಿಯೂತದ ಸಂದೇಶವನ್ನು ಸಾರುವ ಟಿ.ಎನ್.ಎಫ್. ಎಂಬ ಒಂದು ಪದಾರ್ಥವನ್ನು ಕಟ್ಟಿಹಾಕಿದರೆ ಇಡೀ ಸರಪಳಿ ಸಡಲುತ್ತದೆಂದು ಅವರು ತೋರಿಸಿದರು. ಆದರೆ ಶ್ವಾಸಕೋಶದಲ್ಲಿ ಅವಿತಿರುವ ಕ್ಷಯದ ರೋಗಾಣುವನ್ನು ಕಟ್ಟಿಹಾಕಿರುವುದೂ ಅದೇ ಪದಾರ್ಥ. ಮದ್ದು ಕೊಟ್ಟಮೇಲೆ ಕ್ಷಯ ಎದ್ದುಬಂದ ಪ್ರಕರಣಗಳು ೨೦೦೧ರ ಹೊತ್ತಿಗೆ ಬೆಳಕಿಗೆ ಬಂದುವು. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲುಭಾಗದಷ್ಟು ಮಂದಿ ಇರುವ ನಮ್ಮ ದೇಶದಲ್ಲಿ, ಎದೆಯ ಚಿತ್ರವನ್ನೂ ಗುಪ್ತಕ್ಷಯದ ಪರೀಕ್ಷೆಯನ್ನೂ ಮಾಡದೆ ಈ ಸೂಜಿಮದ್ದನ್ನು ತೊಡಗಿಸಲಾಗದು.

ಮದ್ದುಗಳು ಇಷ್ಟಿದ್ದರೂ ಫಲವು ಕಾಲವನ್ನು ಅವಲಂಬಿಸಿದೆ. ಬಾವು ಕಂಡ ಮೊದಲ ಮೂರರಿಂದ ಆರು ತಿಂಗಳೊಳಗೆ ಚಿಕಿತ್ಸೆ ತೊಡಗಿದವರಲ್ಲಿ ರೋಗ ಅಡಗುವ ಸಂಭವ ಹೆಚ್ಚೆಂಬುದರಲ್ಲಿ ತಜ್ಞರಿಗೆ ಒಮ್ಮತವಿದೆ. ಭೋರಿನ ಪಶ್ಚಿಮದ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಆಷಾಢದಲ್ಲಿ ಗಿಣ್ಣು ಊದಿದವಳು ನಾಟಿ ಮುಗಿಯಲೆಂದು ಕಾಯುತ್ತಾಳೆ. ಆಮೇಲೆ ಕಳೆ, ಆಮೇಲೆ ಕುಯ್ಲು. ದೀಪಾವಳಿ ಕಳೆದು ಪುಣೆಗೆ ಹೋಗುವ ಹೊತ್ತಿಗೆ ನಾಲ್ಕೈದು ತಿಂಗಳು ಸರಿದಿರುತ್ತವೆ. ಸ್ವಾತಂತ್ರ್ಯಕ್ಕೆ ಮುಂಚೆ, ೧೯೪೬ರಲ್ಲಿ, ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸೂಚಿಸಿದ ಸಮಿತಿಯ ಹೆಸರು ಭೋರ್ ಸಮಿತಿ. (ಅದು ಅಧ್ಯಕ್ಷರಾದ ಸರ್ ಜೋಸೆಫ್ ಭೋರ್ ಅವರ ಹೆಸರು, ಊರಿನದೆಂದು ಭ್ರಮಿಸಬಾರದು.) ಅಂಥ ಕೇಂದ್ರದ ದಾದಿಗೋ ಆಶಾ ಕಾರ್ಯಕರ್ತೆಗೋ ಮೂರು ವಿಷಯ ಗೊತ್ತಿದ್ದರೆ ಬಹಳ ಕೆಲಸವಾಗುತ್ತದೆ: ಕೀಲು ಬರಿದೆ ನೋಯುತ್ತಿದೆಯೋ ಊದಿದೆಯೋ, ಬೆಳಗಿನ ಬಿಗಿತ ಅರ್ಧ ಗಂಟೆಯನ್ನು ಮೀರುತ್ತದೆಯೋ, ಬೆರಳಬುಡದ ಗಿಣ್ಣುಗಳನ್ನು ಅಡ್ಡಲಾಗಿ ಮೆಲ್ಲನೆ ಒತ್ತಿದರೆ ರೋಗಿ ಕೈ ಎಳೆದುಕೊಳ್ಳುತ್ತಾಳೋ. ಇದಕ್ಕೆ ಯಂತ್ರ ಬೇಕಿಲ್ಲ.

ಆಯುರ್ವೇದದ ಮಾತನ್ನೆತ್ತದೆ ಈ ವಿಷಯವನ್ನು ಬಿಡಲಾಗದು. ರೋಗಿಗಳಲ್ಲಿ ಬಹುಮಂದಿ ಮೊದಲು ಹೋಗುವುದು ಅಲ್ಲಿಗೇ. ಅದನ್ನು ತಾತ್ಸಾರಮಾಡದೆಯೂ ಕುರುಡಾಗಿ ನಂಬದೆಯೂ ಪರೀಕ್ಷಿಸಿದ ಕೀರ್ತಿ ಪುಣೆಯ ಅದೇ ತಂಡಕ್ಕೆ ಸಲ್ಲುತ್ತದೆ. ಅಶ್ವಗಂಧ, ಶಲ್ಲಕಿ, ಶುಂಠಿ, ಅರಿಸಿನ ಇವುಗಳಿಂದಾದ ಒಂದು ಯೋಗವನ್ನು ೧೮೨ ರೋಗಿಗಳಲ್ಲಿ ೧೬ ವಾರಗಳ ಕಾಲ, ಯಾರಿಗೆ ಮದ್ದು ಯಾರಿಗೆ ಹುಸಿಮದ್ದು ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಕೊಟ್ಟು ನೋಡಿದರು. ೨೦೦೦ದಲ್ಲಿ ಪ್ರಕಟವಾದ ಫಲಿತಾಂಶ ಎರಡು ಕಡೆಯವರಿಗೂ ಪೂರ್ಣ ತೃಪ್ತಿಕೊಡುವಂಥದಲ್ಲ: ಮದ್ದು ಪಡೆದವರಲ್ಲಿ ಗುಣ ಕಂಡಿತು, ಹುಸಿಮದ್ದಿನವರಲ್ಲಿಯೂ ಬಹಳವಾಗಿ ಕಂಡಿತು; ಮುಖ್ಯವಾದ ಅಳತೆಗಳಲ್ಲಿ ಎರಡರ ಅಂತರವು ಗಣಿತದ ದೃಷ್ಟಿಯಿಂದ ನಿರ್ಣಾಯಕವಾಗಲಿಲ್ಲ. ಕೊಯಮತ್ತೂರಿನಲ್ಲಿ ನಡೆದು ೨೦೧೧ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ವೈದ್ಯರು ರೋಗಿಯ ಪ್ರಕೃತಿಗೆ ತಕ್ಕಂತೆ ಕೊಟ್ಟ ಶಾಸ್ತ್ರೀಯ ಆಯುರ್ವೇದವನ್ನೂ ಮೆಥೊಟ್ರೆಕ್ಸೇಟನ್ನೂ ಎರಡರ ಕೂಟವನ್ನೂ ೪೩ ಮಂದಿಯಲ್ಲಿ ಹೋಲಿಸಿದರು. ಮೂರರಲ್ಲಿಯೂ ಗುಣ ಹೆಚ್ಚು ಕಡಿಮೆ ಸಮವಾಗಿ ಕಂಡಿತು. ೪೩ ಎಂಬುದು ಸಣ್ಣ ಸಂಖ್ಯೆ; ಅದರ ಮೇಲೆ ಸೌಧ ಕಟ್ಟಲಾಗದು, ಆದರೆ ದೊಡ್ಡ ಪ್ರಯೋಗಕ್ಕೆ ಅದು ಸಾಕಷ್ಟು ಆಧಾರ.

ಮೊದಲ ಪ್ರಯೋಗದ ಹುಸಿಮದ್ದಿನ ಫಲವನ್ನು ನಾನು ವಿಶೇಷವಾಗಿ ಎತ್ತಿ ಹೇಳುತ್ತೇನೆ. ಈ ರೋಗವು ಏರುತ್ತ ಇಳಿಯುತ್ತ ಸಾಗತಕ್ಕದ್ದು. ಏರಿದಾಗ ರೋಗಿ ಹೊಸ ವೈದ್ಯನ ಬಳಿ ಹೋಗುತ್ತಾನೆ. ತಾನಾಗಿ ಇಳಿದಾಗ ಕೀರ್ತಿ ಆ ವೈದ್ಯನ ಪಾಲಾಗುತ್ತದೆ. ಸಂತೆಗಳಲ್ಲಿ ಮಾರುವ ಹೆಸರಿಲ್ಲದ ‘ವಾತದ ಪುಡಿ’ಗಳ ಖ್ಯಾತಿಗೆ ಇದೊಂದು ಕಾರಣ. ಇನ್ನೊಂದು ಕಾರಣ ಕೆಲವು ಪುಡಿಗಳಲ್ಲಿ ಗುಟ್ಟಾಗಿ ಬೆರೆಸಿರುವ ಸ್ಟೀರಾಯ್ಡ್; ಎರಡೇ ದಿನಗಳಲ್ಲಿ ನೋವು ಮಾಯವಾದರೆ ಅದನ್ನೇ ಶಂಕಿಸಬೇಕು. ಅಂಥ ಪುಡಿಯನ್ನು ತಿಂಗಳುಗಟ್ಟಲೆ ಸೇವಿಸಿದವರು ಥಟ್ಟನೆ ನಿಲ್ಲಿಸುವುದೂ ಅಪಾಯಕರ, ಏಕೆಂದರೆ ಅಷ್ಟು ಹೊತ್ತಿಗೆ ಅವರ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನು ಮರೆತಿರುತ್ತದೆ. ಆದುದರಿಂದ ವೈದ್ಯರ ಬಳಿಗೆ ಹೋಗುವಾಗ ಹಳೆಯ ಚೀಟಿಗಳೊಡನೆ ಆ ಪುಡಿಯ ಪೊಟ್ಟಣವನ್ನೂ ಸಂಕೋಚವಿಲ್ಲದೆ ಒಯ್ದು ತೋರಿಸತಕ್ಕದ್ದು. ಪ್ರಮಾಣವನ್ನು ಹಂತಹಂತವಾಗಿ ಇಳಿಸುವ ಕ್ರಮವನ್ನು ಅವರು ಹೇಳಿಕೊಡುತ್ತಾರೆ.